ತಾತನ ಟ್ರಂಕಿನಲ್ಲಿ ಸಿಕ್ಕ ನಾಲ್ಕು ಟ್ಯಾಂಕ್ ಫೋಟೋ: ಫ್ರೇಮ್ ಹಾಕಿಸೋ ಮುಂಚೆ ಯಾರಾದ್ರೂ ನೋಡಿ ಹೇಳ್ತೀರಾ?

ಮಾಲೂರು_ಮೊಮ್ಮಗಳು

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಅವಸರವೂ ಇದೆ, ಯಾಕೆ ಅಂತ ಕೊನೆಗೆ ಹೇಳ್ತೀನಿ.

ಮಾಲೂರು ಹತ್ತಿರ ನಮ್ಮಮ್ಮನ ತವರುಮನೆ ಕೆಡವಿ ಹೊಸದು ಕಟ್ಟಿಸಿದ್ದಾರೆ. ಹಳೇ ಮನೆಯ ಅಟ್ಟದಿಂದ ಇಳಿಸಿದ ತಾತನ ಕಬ್ಬಿಣದ ಟ್ರಂಕು ಇಷ್ಟು ದಿನ ಮಾವನ ಮಂಚದ ಕೆಳಗೇ ಇತ್ತು. ಹೋದ ಭಾನುವಾರ ಬೀಗ ಒಡೆಸಿದ್ವಿ. ಮೇಲೆ ನುಸಿಗುಳಿಗೆ ವಾಸನೆ ಹೊಡೆಯೋ ಖಾಕಿ ಸ್ವೆಟರು, ಅದರ ಕೆಳಗೆ ಡಿಸ್ಚಾರ್ಜ್ ಪುಸ್ತಕ. ತಾತ 1940ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ ಭರ್ತಿ ಆಗಿ 1946ರಲ್ಲಿ ವಾಪಸ್ ಬಂದವರು. ಪುಸ್ತಕದಲ್ಲಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ (ಸೈನ್ಯದ ಇಂಜಿನಿಯರ್ ಪಡೆ), 12 ಫೀಲ್ಡ್ ಕಂಪನಿ ಅಂತಿದೆ. ಎರಡು ರಿಬ್ಬನ್ ತುಂಡು: ಒಂದು ಮಣ್ಣಿನ ಬಣ್ಣದ್ದು, ನಡುವೆ ದಪ್ಪ ಕೆಂಪು ಪಟ್ಟಿ, ಅದರ ಮೇಲೆ ಬೆಳ್ಳಿ ಬಣ್ಣದ ಪುಟ್ಟ 8. ಇನ್ನೊಂದು ಕೆಂಪು, ಬಿಳಿ, ಹಸಿರು. ಆಮೇಲೆ ಒಂದು ಚರ್ಮದ ಕ್ಯಾಮೆರಾ ಚೀಲ, ಮುಚ್ಚಳದ ಮೇಲೆ ಆಗ್ಫಾ ಅಂತ ಅಚ್ಚು. ಒಳಗೆ ಕ್ಯಾಮೆರಾ ಇಲ್ಲ. ದೊಡ್ಡಮ್ಮನ ಮದುವೆಗೆ ಓಲೆ ಮಾಡಿಸೋಕೆ ದುಡ್ಡು ಸಾಲದೆ ಕೆಜಿಎಫ್ ಕಡೆಯ ಸ್ಟುಡಿಯೋ ಒಂದಕ್ಕೆ ಮಾರಿಬಿಟ್ಟರಂತೆ, ಅಮ್ಮ ಹೇಳಿದ್ದು.

ತಾತ ಯುದ್ಧದ ಬಗ್ಗೆ ಬಾಯಿ ಬಿಟ್ಟವರಲ್ಲ. ಕಾಫಿ ಚೆನ್ನಾಗಿದ್ದರೆ "ಬೋನೋ" ಅನ್ನೋರು. ಅದು ಉರ್ದು ಅಂತಲೇ ನಾವು ಅಂದ್ಕೊಂಡಿದ್ವಿ.

ಈಗ ಫೋಟೋಗಳು. ಮೊಬೈಲಲ್ಲಿ ತೆಗೆದು ಹಾಕಿದ್ದೀನಿ, ನೆರಳು ಬಿದ್ದಿರೋದಕ್ಕೆ ಕ್ಷಮಿಸಿ.

ಒಂದು: ದೊಡ್ಡ ಸೈಜು, ಹೊಳಪಿನ ಕಾಗದ. ಬಯಲು. ಕರಕಲಾದ ಟ್ಯಾಂಕಿನ ಮೇಲೆ ಚಡ್ಡಿ ಹಾಕಿದ ಇಬ್ಬರು ಸಿಪಾಯಿಗಳು. ಬಲಗಡೆಯವರು ತಾತ ಅಂತ ಮಾವ. ಅವರ ಸೊಂಟದಲ್ಲಿ ಮಚ್ಚಿನ ಥರ ಏನೋ ಇದೆ. ಹಿಂದುಗಡೆ ಇ ಅಕ್ಷರ, ಅದರ ಮುಂದೆ ನಂಬರು.

ಎರಡು: ಅಂಗೈ ಅಗಲದ್ದು, ಅಂಚು ಅಲೆ ಅಲೆಯಾಗಿ ಕತ್ತರಿಸಿದೆ. ಮುರಿಯದ, ಚೆನ್ನಾಗಿರೋ ಟ್ಯಾಂಕು, ಮೊಂಡು ನಳಿಗೆ, ಸಣ್ಣ ಸಣ್ಣ ಚಕ್ರ ಎಂಟು. ಮೇಲೆ ಕಪ್ಪು ಅಂಗಿ ಹಾಕಿದ ಬಿಳಿ ಹುಡುಗ ಬ್ರೆಡ್ ತಿಂತಾ ನಗ್ತಿದ್ದಾನೆ. ಹಿಂದೆ ತೆಳ್ಳಗೆ ಆಗ್ಫಾ ಲೂಪೆಕ್ಸ್ ಅಂತ ಓದಕ್ಕಾಗುತ್ತೆ.

ಮೂರು: ಮರಳಲ್ಲಿ ಮುಳುಗಿರೋ ಪುಟ್ಟ ಟ್ಯಾಂಕು. ಮೈತುಂಬ ರಿವೆಟ್ಟು, ಹಳೇ ನೀರಿನ ಟ್ಯಾಂಕಿನ ಹಾಗೆ. ಹಿಂದೆ ಬಾಲ್‌ಪೆನ್ನಲ್ಲಿ "ಜರ್ಮನ್ ಟ್ಯಾಂಕ್" ಅಂತ ಬರೆದಿದೆ. ಅದು ಮಾವನ ಅಕ್ಷರ.

ನಾಲ್ಕು: ಇದೂ ಅಂಗೈ ಅಗಲ. ಗುಡ್ಡದ ರಸ್ತೆ ತಿರುವು. ಚರಂಡಿಗೆ ವಾಲಿಕೊಂಡಿರೋ ಟ್ಯಾಂಕು, ಮೇಲ್ಭಾಗ ಚಪ್ಪಟೆ. ಮೈಮೇಲೆಲ್ಲ ಮೈಸೂರ್‌ಪಾಕಿಗೆ ಗೆರೆ ಹಾಕಿದ ಹಾಗೆ ಚೌಕ ಚೌಕ. ನಳಿಗೆಯ ತುದಿ ಬಾಳೆಹಣ್ಣು ಸುಲಿದ ಹಾಗೆ ಬಿಚ್ಚಿಕೊಂಡಿದೆ. ಮುಂದೆ ನೆಲದ ಮೇಲೆ ಬಿಳಿ ದಾರವೋ ಪಟ್ಟಿಯೋ ಎಳೆದಿದ್ದಾರೆ. ಮನುಷ್ಯರು ಯಾರೂ ಇಲ್ಲ, ಮೂಲೆಯಲ್ಲಿ ಒಂದು ಹೇಸರಗತ್ತೆಯ ಹಿಂಭಾಗ ಮಾತ್ರ. ಕಾಗದದ ಹಿಂದೆ ಓರೆಯಾಗಿ ವೆಲಾಕ್ಸ್, ವೆಲಾಕ್ಸ್ ಅಂತಿದೆ.

ಅವಸರ ಏನು ಅಂದ್ರೆ, ಮೂರು ವಾರಕ್ಕೆ ಗೃಹಪ್ರವೇಶ. ಮಾವ ಒಂದನೇ ಫೋಟೋನ ಮೂರಡಿಗೆ ದೊಡ್ಡದು ಮಾಡಿಸಿ "ಜರ್ಮನ್ ಟ್ಯಾಂಕ್ ಉಡಾಯಿಸಿದ ನಮ್ಮ ತಂದೆ" ಅಂತ ಚಿನ್ನದ ಅಕ್ಷರ ಹಾಕಿಸಿ ಹಾಲ್‌ನಲ್ಲಿ ತೂಗು ಹಾಕ್ತಾರಂತೆ. ಅದು ನಿಜಾನಾ? ಇವುಗಳಲ್ಲಿ ತಾತ ತೆಗೆದದ್ದು ಯಾವುದಾದ್ರೂ ಇದೆಯಾ?

ಪ್ಯಾಂಜರ್_ಪ್ರಿಯ

ನಾಲ್ಕನೇದು ಪಕ್ಕಾ ಟೈಗರ್, ಜರ್ಮನ್‌ರ ಭಾರಿ ಟ್ಯಾಂಕು! ಗುಂಡು ಬಿದ್ದು ಟರೆಟ್, ಅಂದ್ರೆ ಮೇಲೆ ತಿರುಗೋ ತೋಪಿನ ಗೋಪುರ, ಹಾರಿಹೋಗಿದೆ. ಸೂಪರ್ ಕಲೆಕ್ಷನ್. ಮಾರೋದಿದ್ರೆ ಮೆಸೇಜ್ ಮಾಡಿ.

ರಿಕವರಿ_ಕಾಕಾ

ಮಾರಬ್ಯಾಡ ಮಗಳ. ಮದಲ ಅದನ್ನ ಹೇಳಿಬಿಡ್ತೀನಿ.

ನಾ ಗೋಕಾಕ ಕಡೆಯಾಂವ. ಇಎಂಇ ಅಂದ್ರ ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡೂ ವಿಭಾಗ, ಅದರೊಳಗ 22 ವರ್ಷ ಕೆಲಸ ಮಾಡೀನಿ. ಕೆಟ್ಟ ನಿಂತ ಟ್ಯಾಂಕ ಜಗ್ಗಿಕೊಂಡು ಬರೂದ ನನ್ನ ಕೆಲಸ. ಹಂಗಾಗಿ ಓಡೂ ಟ್ಯಾಂಕಿಗಿಂತ ಬಿದ್ದ ಟ್ಯಾಂಕ ನೋಡಿದ್ದ ಜಾಸ್ತಿ.

ಟೈಗರ್ ಅಂದ ತಮ್ಮಗ ಒಂದ ಪ್ರಶ್ನೆ. ಟರೆಟ್ ಹಾರಿದ್ರ ಕೆಳಗ ಬಾವಿ ಬಾಯಿ ಹಂಗ ದುಂಡನ ತೂತ ಕಾಣಬೇಕು. ಇಲ್ಲಿ ಎಲ್ಲೈತಿ? ಹಾರಿಲ್ಲಪ್ಪ, ಇದಕ್ಕ ಹುಟ್ಟಾ ಟರೆಟ್ ಇಲ್ಲ. ಇದು ಸ್ಟುಗ್ 3. ಪ್ಯಾಂಜರ್ 3 ಟ್ಯಾಂಕಿನ ತಳಾ ಹಿಡದು ಮ್ಯಾಲ ಗಿಡ್ಡ ಡಬ್ಬಿ ಕೂಡಿಸಿ, ಅದರಾಗ 75 ಮಿಲಿಮೀಟರ್ ತೋಪ ಇಟ್ಟಾರ. ತೋಪ ಸ್ವಲ್ಪ ಅತ್ಲಾಗ ಇತ್ಲಾಗ ಆಡ್ತೈತಿ, ಅದಕಿಂತ ಹೆಚ್ಚ ತಿರುಗಿಸಬೇಕಂದ್ರ ಇಡೀ ಗಾಡಿನ ತಿರುಗಿಸಬೇಕು. ಗಿಡ್ಡ ಇದ್ದದ್ದಕ್ಕ ಪೊದಿ ಹಿಂದ ಅಡಗಿ ಕೂಡಾಕ ಭಾಳ ಚೊಲೋ, ಮಾಡಾಕ ರೊಕ್ಕಾನೂ ಕಡಿಮಿ. ಇವನ್ನ 10,000ದ ಹತ್ರ ಹತ್ರ ಮಾಡಿದ್ರು. ಟೈಗರ್ 1 ಮಾಡಿದ್ದು ಬರೇ 1,350ರ ಆಸುಪಾಸು. ಅವಾಗಿನ ಸಿಪಾಯಿಗೋಳೂ ಹಂಗ, ಚೌಕ ಕಂಡದ್ದೆಲ್ಲಾ ಟೈಗರ್ ಅಂತಿದ್ರು. ನಿನ್ನದೇನ ತಪ್ಪಿಲ್ಲ ಬಿಡು.

ಮಗಳ, ನೀ ಮೈಸೂರ್‌ಪಾಕ್ ಅಂದೆಲ್ಲಾ, ಉತ್ತರ ಅಲ್ಲೇ ಐತಿ. ಅದು ತ್ಸಿಮ್ಮರಿಟ್ ಅನ್ನೂ ಗಿಲಾವು. ವೈರಿ ಸಿಪಾಯಿ ಅಯಸ್ಕಾಂತದ ಬಾಂಬ ತಂದು ಟ್ಯಾಂಕಿಗೆ ಅಂಟಿಸಬಾರದಂತ ಮೈತುಂಬ ಬಳದು, ಹಸಿ ಇದ್ದಾಗ ಗೆರಿ ಕೊರೀತಿದ್ರು. ಚೌಕ ಚೌಕ ಕೊರಿಯೂದು ಸ್ಟುಗ್ ಮಾಡೂ ಕಾರ್ಖಾನಿಯವರ ರೂಢಿ, ಬ್ಯಾರೆ ಟ್ಯಾಂಕಿನ ಮ್ಯಾಲ ಸಾಮಾನ್ಯ ಅಡ್ಡ ಗೆರಿ ಕಾಣ್ತಾವು. ಈ ಗಿಲಾವು 1943ರ ಕಡೇ ಭಾಗದಾಗ ಶುರು ಆಗಿ 1944ರ ಸೆಪ್ಟೆಂಬರಿಗೆ ನಿಂತ ಹೋತು. ಅಂದ್ರ ಈ ಫೋಟೋ ಆಫ್ರಿಕಾದ್ದಲ್ಲ. ಆಫ್ರಿಕಾದ ಯುದ್ಧ 1943ರ ಮೇ ತಿಂಗಳಿಗೇ ಮುಗದಿತ್ತು. ಇದು ಇಟಲಿ. ನಿಮ್ಮ ಕೆಂಪು ಬಿಳಿ ಹಸಿರು ರಿಬ್ಬನ್ ಇಟಲಿ ಸ್ಟಾರ್ ಅನ್ನೂ ಪದಕದ್ದು, ಇನ್ನೊಂದು ಆಫ್ರಿಕಾ ಸ್ಟಾರ್. ಅದರ ಮ್ಯಾಲಿನ 8 ಅಂದ್ರ ಬ್ರಿಟಿಷ್‌ರ ಎಂಟನೇ ಸೈನ್ಯ. ಈಜಿಪ್ಟಿನ ಅಲಮೇನ್ ಲಡಾಯಿ ಚಾಲೂ ಆದ 1942ರ ಅಕ್ಟೋಬರ್ 23ರಿಂದ ಟ್ಯುನೀಷಿಯಾದಾಗ ಮುಗಿಯೂತನಕ ಆ ಸೈನ್ಯದಾಗ ಇದ್ದವರಿಗೆ ಕೊಟ್ಟದ್ದು. "ಬೋನೋ" ಉರ್ದು ಅಲ್ಲವ್ವಾ, ಇಟಾಲಿಯನ್. ಚೊಲೋ ಐತಿ ಅಂತ ಅರ್ಥ.

12 ಫೀಲ್ಡ್ ಕಂಪನಿ ನಾಲ್ಕನೇ ಇಂಡಿಯನ್ ಡಿವಿಷನ್ನಿನ ಜೋಡಿ ಇತ್ತು. 1944ರ ಫೆಬ್ರವರಿ, ಮಾರ್ಚದಾಗ ಕಸ್ಸೀನೊ, ಜುಲೈದಾಗ ಅರೆಟ್ಸೊ ಕಡೆ ಗುಡ್ಡ, ಸೆಪ್ಟೆಂಬರದಾಗ ಗೋಥಿಕ್ ಲೈನ್ ಅನ್ನೂ ಜರ್ಮನ್‌ರ ರಕ್ಷಣಾ ಸಾಲು, ಸಾನ್ ಮರೀನೊ. ರಸ್ತಾದ ಧೂಳ, ಗಿಡದ ಎಲಿ ನೋಡಿದ್ರ ಬ್ಯಾಸಗಿ ಇದ್ದಂಗ ಐತಿ.

ಈಗ ನಳಿಗಿ. ಹೊರಗಿಂದ ಗುಂಡ ಬಡದ್ರ ನಳಿಗಿ ಮುರೀತೈತಿ, ಇಲ್ಲಾ ತೂತ ಬೀಳ್ತೈತಿ. ಹಿಂಗ ಹೂವಿನ ಹಂಗ ಅರಳೂದಿಲ್ಲ. ಒಳಗ ಸ್ಫೋಟಕ ಇಟ್ಟು ಹಾರಿಸಿದ್ರನ ಹಿಂಗ ಆಗೂದು. ಯಾರ ಹಾರಿಸಿದ್ರು? ಅದರದ ಮಂದಿ. ಪೆಟ್ರೋಲ್ ತೀರಿರಬೇಕು, ಇಲ್ಲಾ ಟ್ರ್ಯಾಕ್ ಹರದಿರಬೇಕು. ಎಳಕೊಂಡ ಹೋಗಾಕ ಆಗದ್ದನ್ನ ವೈರಿ ಕೈಗೆ ಕೊಡಬಾರದಂತ ತಾವ ಕೆಡಿಸಿ ಹೋಗ್ಯಾರ. ಹಿಂದಕ್ಕ ಸರಿಯೂ ಸೈನ್ಯದ್ದು ಇದ ಹಾಡು. ಇಟಲಿಯೊಳಗ ಜರ್ಮನ್‌ರು ಕಳಕೊಂಡ ಟ್ಯಾಂಕಿನಾಗ ಇಂಥಾವು ಬೇಕಾದಷ್ಟು.

ಹಂಗಂದ್ರ ನಿಮ್ಮ ತಾತ ಇದನ್ನ ಉಡಾಯಿಸಿಲ್ಲ. ಆದರ ಅವರ ಕೆಲಸ ಆ ಫೋಟೋದಾಗ ಐತಿ. ಆ ಬಿಳಿ ಪಟ್ಟಿ ದಾರ ಅಲ್ಲ, ಮೈನ್ ಟೇಪ್. ನೆಲದಾಗ ಹುಗದ ಮೈನ್ ಎಲ್ಲಾ ಹುಡುಕಿ ತಗದೀವಿ, ಈ ಪಟ್ಟಿ ಒಳಗ ಕಾಲಿಡ್ರಿ, ಹೊರಗ ಇಡಬ್ಯಾಡ್ರಿ ಅಂತ ಸ್ಯಾಪರ್ ಹಾಸೂದು. ಬಿಟ್ಟ ಹೋದ ಗಾಡಿ ಸುತ್ತ ಮೈನ್ ಇಡೂದು ಜರ್ಮನ್‌ರ ಚಾಳಿ. ನೋಡಾಕ ಓಡಿ ಬರ್ತಾರ, ಹತ್ತಾಕ ಹೋಗ್ತಾರ ಅಂತ ಅವರಿಗೂ ಗೊತ್ತಿತ್ತು. ಕೆಲವು ಮೈನ್ ಕಟಗಿ ಡಬ್ಬಿಯೊಳಗ ಇರ್ತಿದ್ವು, ಡಿಟೆಕ್ಟರ್ ಹಿಡದ್ರ ಕೂಗೂದ ಇಲ್ಲ. ಮಣಕಾಲೂರಿ ಬಯೋನೆಟ್ ತುದಿಯಿಂದ ಚುಚ್ಚಿ ಚುಚ್ಚಿ ನೋಡಬೇಕು. ನಿಮ್ಮ ತಾತನ ರೆಜಿಮೆಂಟಿನಾಂವನ ಸುಬೇದಾರ್ ಸುಬ್ರಮಣ್ಯಂ, 11 ಫೀಲ್ಡ್ ಪಾರ್ಕ್ ಕಂಪನಿ. 1944ರ ಫೆಬ್ರವರಿ 24ಕ್ಕ ಮಿನ್ಯಾನೊದಾಗ ಸಿಡಿಯಾಕ ಬಂದ ಮೈನ್ ಮ್ಯಾಲ ತಾನ ಬಿದ್ದು ಸಂಗಡಿಗರನ್ನ ಉಳಿಸಿದ. ತೀರಿಕೊಂಡ ಮ್ಯಾಲ ಜಾರ್ಜ್ ಕ್ರಾಸ್ ಅನ್ನೂ ದೊಡ್ಡ ಶೌರ್ಯ ಪದಕ ಕೊಟ್ರು. ರಸ್ತಾ ಬಿಡಿಸೂದಂದ್ರ ಇದು.

ಉಳದದ್ದು ಜಲ್ದಿ ಹೇಳ್ತೀನಿ. ಮೂರನೇದು ಜರ್ಮನ್ ಅಲ್ಲ. ಅಷ್ಟ ರಿವೆಟ್ ಇದ್ದದ್ದು ಇಟಲಿಯ ಎಂ 13. 14 ಟನ್ನಿನ ಗಾಡಿ. ಲಿಬಿಯಾದ ಟೊಬ್ರುಕ್‌ದಾಗ ಆಸ್ಟ್ರೇಲಿಯಾದವರು ಇಂಥಾವನ್ನ ಹಿಡದು ತಾವ ಓಡಿಸಿದ್ರು. ನಮ್ಮವರ ಹೊಡದಾರು ಅಂತ ಮೈಮ್ಯಾಲ ದೊಡ್ಡ ದೊಡ್ಡ ಕಾಂಗರೂ ಬರಕೊಂಡಿದ್ರು! ಎರಡನೇದು ಪ್ಯಾಂಜರ್ 4. ಮೊಂಡ ನಳಿಗಿ ಅಂದ್ರ 1942ಕಿಂತ ಮದಲಿಂದು. ತಗದಾಂವ ಜರ್ಮನ್. ನಿಮ್ಮ ತಾತನ ಕೈಗೆ ಹೆಂಗ ಬಂತು? 1943ರ ಮೇ 12ಕ್ಕ ಟ್ಯುನೀಷಿಯಾದಾಗ ಜನರಲ್ ಫಾನ್ ಆರ್ನಿಮ್ ಶರಣಾದದ್ದ ಈ ನಾಲ್ಕನೇ ಡಿವಿಷನ್ನಿಗೆ. ಸುಮಾರು ಎರಡೂವರಿ ಲಕ್ಷ ಮಂದಿ ಕೈ ಮ್ಯಾಲೆತ್ತಿದ್ರು. ಅವರ ಕಿಸೆದಾಗಿನ ಗಡಿಯಾರ, ಕ್ಯಾಮೆರಾ, ಫೋಟೋ ಎಲ್ಲಾ ಸಿಗರೇಟಿಗೆ, ಕೆಲವೊಮ್ಮೆ ಏನೂ ಇಲ್ಲದನ, ಕೈ ಬದಲಾದ್ವು.

ಒಂದನೇದು ಪ್ಯಾಂಜರ್ 3, ಚಕ್ರ ಎಣಸು, ಒಂದ ಕಡೆ ಆರ ಅದಾವು. ಹಿಂದ ಇ ನಂಬರ್ ಇದ್ರ ಅದು ಬ್ರಿಟಿಷ್ ಸೈನ್ಯದ ಅಧಿಕೃತ ಫೋಟೋಗ್ರಾಫರ್ ತಗದದ್ದು. ಈಜಿಪ್ಟ್, ಲಿಬಿಯಾ ಕಡೆಯ ಫೋಟೋಕ್ಕ ಆ ಅಕ್ಷರ ಹಾಕ್ತಿದ್ರು. ಅವೆಲ್ಲಾ ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಾಗ ಅದಾವು. ಮತ್ತ ಆ ಬಲಗಡೆ ಮನಷ್ಯಾನ ಸೊಂಟದಾಗ ಇದ್ದದ್ದು ಮಚ್ಚಲ್ಲ ಮಗಳ. ಬಾಗಿದ್ದ ನೋಡು. ಖುಕ್ರಿ. ಆಂವ ಗೂರ್ಖಾ.

ಮಾಮಾಗ ಸಿಟ್ಟ ಬರ್ತೈತಿ, ಗೊತ್ತೈತಿ. ಅವರಿಗೆ ಇದನ್ನ ಹೇಳು: ನಮ್ಮ ಮನಿ ಗ್ವಾಡಿ ಮ್ಯಾಲೂ ಒಂದ ಫೋಟೋ ಐತಿ. 1971ರ ಡಿಸೆಂಬರ್, ಶಕರಗಢ ಕಡೆ, ಬಸಂತರ್ ಹೊಳಿ ದಾಟಿ ಸುಟ್ಟ ನಿಂತ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ. ಅದರ ಮ್ಯಾಲ ಕಾಲಿಟ್ಟು ಎದಿ ಉಬ್ಬಿಸಿ ನಿಂತಾಂವ ನಾನ. ಲಡಾಯಿ ಮುಗದ ಮೂರನೇ ದಿನಾ ಅದನ್ನ ಜಗ್ಗಾಕ ಹೋಗಿದ್ದೆ. ಒಳಗಿಂದ ಇನ್ನೂ ಸುಟ್ಟ ರಬ್ಬರಿನ ವಾಸನಿ ಬರ್ತಿತ್ತು. ನಮ್ಮ ಮೊಮ್ಮಕ್ಕಳು ಸಾಲ್ಯಾಗ ಅಜ್ಜ ಒಬ್ಬನ ಪ್ಯಾಟನ್ ಒಡದ ಅಂತ ಹೇಳ್ಯಾವು. ನಾನೂ ಅಲ್ಲ ಅನ್ನಾಕ ಹೋಗಿಲ್ಲ, ಖರೇ ಹೇಳ್ತೀನಿ.

ಡಾರ್ಕ್‌ರೂಮ್_ಮೈಸೂರು

ಕಾಕಾ ಅವರು ಟ್ಯಾಂಕ್ ನೋಡಿದರು, ನಾನು ಕಾಗದ ನೋಡ್ತೀನಿ. ಮೈಸೂರಿನಲ್ಲಿ ಸ್ಟುಡಿಯೋ ಇಟ್ಟಿದ್ದೆ, ಡಿಜಿಟಲ್ ಬಂದಮೇಲೆ ಮುಚ್ಚಿದೆ.

ಮೇಡಂ, ಎರಡು ಮತ್ತು ನಾಲ್ಕು ಎರಡೂ ಕಾಂಟ್ಯಾಕ್ಟ್ ಪ್ರಿಂಟ್. ಅಂದರೆ ನೆಗೆಟಿವ್ ಎಷ್ಟು ದೊಡ್ಡದೋ ಫೋಟೋನೂ ಅಷ್ಟೇ, ಹಿಗ್ಗಿಸಿಲ್ಲ. ಸ್ಕೇಲ್ ಇಟ್ಟು ಅಳೆಯಿರಿ, 6 ಸೆಂಟಿಮೀಟರ್‌ಗೆ 9 ಬರಬೇಕು. ಆಗ್ಫಾ ಬಿಲ್ಲಿ ಅಂತ ಮಡಚೋ ಕ್ಯಾಮೆರಾ ಒಂದಿತ್ತು, ಅದರಲ್ಲಿ ಇದೇ ಸೈಜು. ನಿಮ್ಮ ಖಾಲಿ ಚೀಲ ಅಂಥದ್ದೇ ಒಂದಕ್ಕೆ ಹೊಲಿದದ್ದು ಅನ್ನಿಸುತ್ತೆ.

ಕ್ಯಾಮೆರಾ ಇಲ್ಲದಿದ್ದರೂ ಅದರ ಗುರುತು ಹಿಡಿಯೋಕೆ ಒಂದು ದಾರಿ ಇದೆ. ಈ ಕ್ಯಾಮೆರಾಗಳ ಒಳಗೆ ಫಿಲ್ಮಿನ ಮುಂದೆ ತಗಡಿನ ಚೌಕಟ್ಟು ಇರುತ್ತೆ. ತಗಡು ಎಲ್ಲಾದರೂ ಚೂರು ಎದ್ದಿದ್ದರೆ ಅಷ್ಟು ಜಾಗಕ್ಕೆ ಬೆಳಕು ಬೀಳಲ್ಲ, ಪ್ರಿಂಟಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಕಪ್ಪು ಹಲ್ಲು ಬರುತ್ತೆ. ಅದು ಒಂದು ಫೋಟೋದಲ್ಲಲ್ಲ, ಆ ಕ್ಯಾಮೆರಾದಲ್ಲಿ ತೆಗೆದ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಬರುತ್ತೆ. ಸ್ಟುಡಿಯೋಗೆ ಯಾವ ಕ್ಯಾಮೆರಾದ ರೋಲು ಬಂದಿದೆ ಅಂತ ನಾನು ಹೀಗೇ ಹೇಳ್ತಿದ್ದೆ, ಗಿರಾಕಿಗಳು ಬೆರಗಾಗೋರು.

ನಾಲ್ಕನೇ ಫೋಟೋದ ಎಡ ಅಂಚು, ಕೆಳಗಡೆಯಿಂದ ಒಂದು ಬೆರಳು ಮೇಲೆ. ನಿಮ್ಮ ಮೊಬೈಲ್ ಚಿತ್ರದಲ್ಲಿ ನನಗೆ ಅಲ್ಲೇನೋ ಕಂಡ ಹಾಗಿದೆ. ಧೂಳೂ ಇರಬಹುದು. ಭೂತಗನ್ನಡಿ ಹಿಡಿದು ನೋಡಿ. ಆಮೇಲೆ ತಾತ ಊರಿಗೆ ಬಂದ ಮೇಲೆ ಮನೆಯಲ್ಲಿ ತೆಗೆದ ಹಳೇ ಫೋಟೋ ಯಾವುದಾದರೂ ಇದ್ದರೆ ಪಕ್ಕದಲ್ಲಿಡಿ. ಉದ್ದುದ್ದ ತೆಗೆದಿದ್ದರೆ ಅಡ್ಡ ತಿರುಗಿಸಿ ನೋಡೋದು ಮರೀಬೇಡಿ, ಹಲ್ಲೂ ಅದರ ಜೊತೆ ತಿರುಗಿರುತ್ತೆ.

ಪ್ಯಾಂಜರ್_ಪ್ರಿಯ

ಕಾಕಾ, ಸ್ಟುಗ್ ಒಪ್ಕೊಂಡೆ. ಹುಟ್ಟಾ ಟರೆಟ್ ಇಲ್ಲ ಅನ್ನೋದನ್ನ ಸಾಯೋವರೆಗೂ ಮರೆಯಲ್ಲ.

ಮಾಲೂರು_ಮೊಮ್ಮಗಳು

ಕಾಕಾ, ಸರ್, ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ನಾಲ್ಕು ದಿನ ತಡ ಆಯ್ತು, ಮಾವನ ಮನೆಗೆ ಹೋಗಿದ್ದೆ.

ಅಳೆದೆ. 6ಕ್ಕೆ 9, ಎರಡೂ. ಹಲ್ಲು ಧೂಳಲ್ಲ ಸರ್. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಚಿಕ್ಕ ತ್ರಿಕೋನ, ಇಲಿ ಹಲ್ಲಿನ ಥರ.

ಮನೆ ಫೋಟೋ ಅಂತ ಅಮ್ಮನ ಹತ್ರ ಒಂದೇ ಒಂದಿದೆ. ಅಜ್ಜಿ ಹಿತ್ತಲಲ್ಲಿ ತುಳಸಿಕಟ್ಟೆ ಪಕ್ಕ ನಿಂತಿರೋದು, ಕಂಕುಳಲ್ಲಿ ಕೈಕೂಸು. ಆ ಕೂಸು ದೊಡ್ಡಮ್ಮ, ಹಾಗಾಗಿ 1947 ಇರಬೇಕು. ಅಜ್ಜಿ ಮುಖದಲ್ಲಿ ಸಿಟ್ಟು. ಬಿಸಿಲಲ್ಲಿ ತುಂಬಾ ಹೊತ್ತು ನಿಲ್ಲಿಸಿದ್ರಂತೆ. ಅದು ಉದ್ದುದ್ದ ಇರೋದು, ಅಡ್ಡ ತಿರುಗಿಸಿದೆ. ಎಡ ಅಂಚು, ಕೆಳಗಿಂದ ಒಂದು ಬೆರಳು ಮೇಲೆ. ಇಲಿ ಹಲ್ಲು ಅಲ್ಲೇ ಇತ್ತು.

ಅಷ್ಟು ಹೊತ್ತಿಗೆ ಅಮ್ಮ ಭೂತಗನ್ನಡಿ ಕಿತ್ಕೊಂಡು ಉಳಿದದ್ದನ್ನೂ ನೋಡ್ತಾ ಕೂತಿದ್ದಳು. "ಇದರಲ್ಲೂ ಐತೆ ಕಣೇ" ಅಂದಳು. ನಾನು ನಂಬಲಿಲ್ಲ. ಎರಡನೇ ಫೋಟೋ. ಬ್ರೆಡ್ ತಿಂತಿರೋ ಹುಡುಗ. ಅಲೆ ಅಲೆ ಅಂಚಿನ ಬಿಳಿ ಪಟ್ಟಿ ಮುಗಿದು ಚಿತ್ರ ಶುರುವಾಗೋ ಕಡೆ, ಅದೇ ಜಾಗ, ಅದೇ ಹಲ್ಲು. ಮೂರನ್ನೂ ಸಾಲಾಗಿ ಇಟ್ಟು ಹತ್ತಿರದಿಂದ ತೆಗೆದು ಹಾಕಿದ್ದೀನಿ, ಸರ್ ನೀವು ಒಂದ್ಸಲ ನೋಡಿ.

ಡಾರ್ಕ್‌ರೂಮ್_ಮೈಸೂರು

ನೋಡಿದೆ. ಮೂರೂ ಒಂದೇ ಕ್ಯಾಮೆರಾ. ಹಲ್ಲಿನ ಮೇಲ್ಗಡೆ ಕೂದಲೆಳೆಯಷ್ಟು ಒಂದು ಬಾಗು ಇದೆಯಲ್ಲ, ಅದೂ ಮೂರರಲ್ಲೂ ಹೊಂದುತ್ತೆ. ಬ್ರೆಡ್ ತಿಂತಿರೋ ಹುಡುಗನ ಕೈಯಲ್ಲಿ ಕ್ಯಾಮೆರಾ ಇಲ್ಲ, ಇನ್ನೊಬ್ಬ ತೆಗೆದಿದ್ದಾನೆ. ಇಬ್ಬರಲ್ಲಿ ಯಾರದು ಅಂತ ಕಾಗದ ಹೇಳಲ್ಲ. ನಾಲ್ಕನೇದರ ವೆಲಾಕ್ಸ್ ಕೊಡಕ್ ಕಂಪನಿಯ ಕಾಗದ, ಹಾಗಾಗಿ ಕ್ಯಾಮೆರಾ ಜರ್ಮನ್‌ರ ಕೈ ಬಿಟ್ಟ ಮೇಲೆ ಪ್ರಿಂಟ್ ಹಾಕಿಸಿದ್ದು ಅನ್ನೋದಕ್ಕೂ ತಾಳೆ ಆಗುತ್ತೆ.

ಒಂದು ಕೋರಿಕೆ: ಪ್ಲಾಸ್ಟಿಕ್ ಆಲ್ಬಮ್ಮಿಗೆ ಅಂಟಿಸಬೇಡಿ. ಬಿಳಿ ಕಾಗದದ ಲಕೋಟೆ ಸಾಕು, ಒಂದೊಂದಕ್ಕೆ ಒಂದೊಂದು.

ರಿಕವರಿ_ಕಾಕಾ

ನಾ ಇದನ್ನ ರಾತ್ರಿ ಮನಿಯಾಗ ಎಲ್ಲರಿಗೂ ಓದಿ ಹೇಳಿದೆ. ಟ್ಯಾಂಕ ಚೊಲೋ ಇದ್ದಾಗ ಜರ್ಮನ್‌ರು ತಗದ್ರು, ಕೆಟ್ಟ ಬಿದ್ದಾಗ ನಿಮ್ಮ ತಾತ ತಗದ್ರು, ಅದ ಕ್ಯಾಮೆರಾದಾಗನ. ನಮ್ಮಾಕಿ ಕೇಳಿದ್ಳು, ಅಜ್ಜಿ ಸಿಟ್ಟ ಆದದ್ದು ಬಿಸಿಲಿಗೋ ಕ್ಯಾಮೆರಾಕ್ಕೋ ಅಂತ.

ಮಾಮಾ ಏನಂದ್ರು?

ಮಾಲೂರು_ಮೊಮ್ಮಗಳು

ಬಿಸಿಲಿಗೇ ಕಾಕಾ.

ಅಮ್ಮ ಆ ಹುಡುಗನ್ನ ತುಂಬ ಹೊತ್ತು ನೋಡಿ, "ಹಂಗಾದ್ರೆ ನಮ್ಮಕ್ಕನ ಓಲೆ ಇವನದ್ದು" ಅಂದಳು. ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದ್ದೂ ಆಯ್ತು. ಅವರಿಗೆ ಅರ್ಥ ಆಗಲಿಲ್ಲ, ಓಲೆ ಯಾರೋ ವಾಪಸ್ ಕೇಳ್ತಿದ್ದಾರೆ ಅಂತ ಗಾಬರಿ ಆದ್ರು.

ಮಾವನಿಗೆ ಖುಕ್ರಿ ವಿಷಯ ಹೇಳಿದೆ. ನಿಮ್ಮ ಪ್ಯಾಟನ್ ಕಥೆನೂ ಓದಿದೆ. ಅದಕ್ಕೆ ನಕ್ಕರು. ನಾಲ್ಕನೇದನ್ನೇ ದೊಡ್ಡದು ಮಾಡಿಸೋಣ ಮಾವ, ಅದು ತಾತನೇ ತೆಗೆದಿದ್ದು ಅಂದರೆ, ಮನುಷ್ಯರಿಲ್ಲದ ಫೋಟೋ ಹಾಲ್‌ನಲ್ಲಿ ಹಾಕಿದರೆ ಬಂದವರು ಏನಂತ ನೋಡ್ತಾರೆ, ಹೇಸರಗತ್ತೆ ಬೆನ್ನು ನೋಡ್ತಾರಾ ಅಂತಾರೆ. ಅದೂ ಅಲ್ಲದೆ ಫ್ರೇಮಿನವನಿಗೆ ಅಡ್ವಾನ್ಸ್ ಕೊಟ್ಟಾಗಿದೆಯಂತೆ. ಚಿನ್ನದ ಅಕ್ಷರ ಮಾತ್ರ ಸದ್ಯಕ್ಕೆ ನಿಲ್ಲಿಸಿದ್ದಾರೆ. ಗೂರ್ಖಾ ಅಂತ ನಿನ್ನ ಕಾಕಾಗೆ ಅಷ್ಟು ಖಾತ್ರಿನಾ ಅಂತ ಇವತ್ತು ಬೆಳಿಗ್ಗೆ ಇನ್ನೊಂದ್ಸಲ ಕೇಳಿದ್ರು.